ಗಂಗವ್ವ ಹಿಡಿದ ಎರಡು ಬೆರಳು

ನಾನು ದನದ ದಲ್ಲಾಳಿ. ಕಣ್ಣಿಗೆ ಕಂಡದ್ದನ್ನೂ ಕೈಯಿಂದ ಮುಟ್ಟಿ ನೋಡಿಯೇ ನಂಬುವವನು. ದೆವ್ವ, ದೃಷ್ಟಿ, ಸೂಚನೆ ಎಂದವರನ್ನು ನಕ್ಕು ಸಾಗಹಾಕಿದ್ದೇನೆ. ನೀವೂ ಹಾಗಿದ್ದರೆ ಹಾಗೆಯೇ ಇರಿ, ವ್ಯಾಪಾರಕ್ಕೆ ಒಳ್ಳೆಯದು. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ನಡೆದ ಈ ಒಂದು ಸಂಗತಿ ಮಾತ್ರ ಇಂದಿಗೂ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ.

ಯರಗುಪ್ಪಿಯ ನೀಲವ್ವನ ಎರಡನೆಯ ಮಗಳು ಗಿರಿಜಾಳನ್ನು ನನ್ನ ಮಗನಿಗೆ ಗೊತ್ತು ಮಾಡಿದ್ದೆವು. ನೀಲವ್ವನಿಗೆ ನಾಲ್ವರು ಹೆಣ್ಣುಮಕ್ಕಳು. ಇದ್ದೊಬ್ಬ ಮಗ ಹಲ್ಲು ಕೀಳಿಸಿಕೊಂಡು ಬಂದು, ರಕ್ತ ನಿಲ್ಲದೆ ಮೂರನೆಯ ದಿನ ತೀರಿಹೋಗಿದ್ದ. ನೀಲವ್ವನ ಅಣ್ಣನೂ ಚಿಕ್ಕಂದಿನಲ್ಲಿ ಹಾಗೆಯೇ ಹೋದವನು.

ಈ ಸುದ್ದಿ ಕೇಳಿ ಒಬ್ಬ ಡಾಕ್ಟರಮ್ಮ, ನಾನು ಆ ಮನೆಗೆ ಬೀಗನಾಗುವವನೆಂದು ತಿಳಿದು, ನನ್ನನ್ನು ಹುಡುಕಿಕೊಂಡು ನಮ್ಮೂರು ಅಣ್ಣಿಗೇರಿಗೆ ಬಂದರು. ಮಾತ್ರೆ ಬರೆದುಕೊಡುವ ಡಾಕ್ಟರಲ್ಲ. ರೋಗದ ಬೇರು ರಕ್ತದೊಳಗೆ ಎಲ್ಲಿದೆ ಎಂದು ಹುಡುಕುವವರು. ರಕ್ತವನ್ನು ಹೆಪ್ಪುಗಟ್ಟಿಸುವ ಒಂದು ಪ್ರೋಟೀನು ಈ ಮನೆಯ ಕೆಲವು ಗಂಡುಮಕ್ಕಳಲ್ಲಿ ಸರಿಯಾಗಿ ತಯಾರಾಗುವುದಿಲ್ಲ, ಆ ದೋಷ ತಾಯಿಯಿಂದ ಬರುತ್ತದೆ ಎಂದರು. ದೋಷ ಹೊತ್ತ ಹೆಣ್ಣುಮಗಳು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾಳೆ, ಆದರೆ ಅವಳ ಗಂಡುಮಗುವಿಗೆ ಅದು ದಾಟಬಹುದು. ನಾಲ್ವರಲ್ಲಿ ಯಾರು ಹೊತ್ತಿದ್ದಾರೆಂದು ಜೀನು ಪರೀಕ್ಷಿಸಿದರಷ್ಟೇ ತಿಳಿಯುತ್ತದೆ.

ನಿಜ ಹೇಳುತ್ತೇನೆ, ನಾನು ಅವರನ್ನು ಯರಗುಪ್ಪಿಗೆ ಕರೆದೊಯ್ದದ್ದು ಉಪಕಾರಕ್ಕಲ್ಲ. ಎತ್ತು ಕೊಳ್ಳುವ ಮುಂಚೆ ಹಲ್ಲು ಎಣಿಸುವ ಬುದ್ಧಿ ಅದು.

ಮಟಮಟ ಮಧ್ಯಾಹ್ನ. ರಕ್ತದ ಸೀಸೆ ಇಡಲು ತಂದ ಪೆಟ್ಟಿಗೆಯಲ್ಲಿದ್ದ ಐಸು ಕರಗುತ್ತಿತ್ತು. ನೀಲವ್ವನ ತಾಯಿ ಗಂಗವ್ವ, ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ, ಹೊಸ್ತಿಲಿಗೆ ಅಡ್ಡ ಕುಳಿತಿದ್ದಳು.

"ಈ ಮನಿ ರಕ್ತ ಹೊರಗ ಹೋಗಿದ್ದು ಸಾಕು. ಇನ್ನ ಒಂದ್ ಹನಿ ಕೊಡಂಗಿಲ್ಲ."

"ಏನ್ ಬೇಕು ಹೇಳ್ರಿ ಆಯಿ, ಕೊಡಸ್ತೀನಿ," ಎಂದೆ.

"ದಲ್ಲಾಳಿ ಅದಿಯಲ್ಲ, ಟವೆಲ್ ಹಾಕು. ಬಾಯಿಲೆ ಹೇಳೂದಲ್ಲ ಇದು."

"ಆಯಿ ನಮ್ಮನ್ನ ಸಂತಿಗೆ ಹಾಕಿದ್ಲು ನೋಡ್ರೇ!" ಎಂದು ಕಿರಿಯ ಹುಡುಗಿ ನಕ್ಕಳು. ಮುದುಕಿ ನಗಲಿಲ್ಲ.

ತಿಳಿಯದವರಿಗೆ ಹೇಳಿಬಿಡುತ್ತೇನೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ತೋರುಬೆರಳು ಹಿಡಿದರೆ ಒಂದು, ಜೊತೆಗೆ ನಡುಬೆರಳು ಸೇರಿದರೆ ಎರಡು, ಹೀಗೆ ಸಾಲಾಗಿ. ನಡುವೆ ಬಿಟ್ಟು ಹಿಡಿಯುವ ಪದ್ಧತಿಯಿಲ್ಲ. ಒಪ್ಪಿಗೆಯಾದರೆ ಇಬ್ಬರೂ ಮುಷ್ಟಿ ಒತ್ತುತ್ತೇವೆ. ಒತ್ತಿದ ಮೇಲೆ ಎತ್ತು ಕುಂಟಿದರೂ ತಿರುಗಿ ಕೊಡುವಂತಿಲ್ಲ.

ಬಲಗೈ ಮೇಲೆ ಟವೆಲ್ ಹಾಕಿ ಚಾಚಿದೆ. ಗಂಗವ್ವ ನನ್ನ ತೋರುಬೆರಳನ್ನು ಸವರಿ ಬಿಟ್ಟಳು. ನಡುಬೆರಳನ್ನು ಹಿಡಿದಳು. ಉಂಗುರಬೆರಳನ್ನು ಸವರಿ ಬಿಟ್ಟಳು. ಕಿರುಬೆರಳನ್ನು ಹಿಡಿದಳು. ಹಿಡಿದ ಎರಡಕ್ಕೂ ಚಳುಕು ಬಂದು ಜೋಮು ಹಿಡಿಯಿತು. ಆಮೇಲೆ ಎರಡೂ ಕೈಯಿಂದ ನನ್ನ ಮುಷ್ಟಿ ಒತ್ತಿದಳು. ಐಸಿನ ಅವಸರದಲ್ಲಿ ನಾನೂ ಒತ್ತಿಬಿಟ್ಟೆ.

"ಆತು. ತಗೋರಿ ರಕ್ತ," ಎಂದು ಎದ್ದುಹೋದಳು.

ಡಾಕ್ಟರಮ್ಮ ದಾರಿಯಲ್ಲಿ, "ಯಜಮಾನರೇ, ಎಷ್ಟಕ್ಕೆ ಒಪ್ಪಿದರು?" ಎಂದರು. "ಮುದುಕಿಗೆ ಬೆರಳ ಲೆಕ್ಕ ಬರಂಗಿಲ್ರಿ," ಎಂದೆ. ಜೋಮು ಸಂಜೆಯವರೆಗೂ ಬಿಡಲಿಲ್ಲ. ಐಸಿನ ಪೆಟ್ಟಿಗೆ ಹೊತ್ತಿದ್ದಕ್ಕೆ ಎಂದುಕೊಂಡೆ.

ಎಂಟು ದಿನದೊಳಗೆ ಗಂಗವ್ವ ತೀರಿಕೊಂಡಳು. ಎಷ್ಟೋ ತಿಂಗಳ ಮೇಲೆ, ಪರೀಕ್ಷೆಯ ಫಲಿತಾಂಶ ತಿಳಿದು, ನೀಲವ್ವ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಳು.

"ಎರಡನೇಕಿ, ನಾಕನೇಕಿ ದೋಷ ಹೊತ್ತಾರಂತರಿ ಬೀಗರ. ಮುಚ್ಚಿಡೂದು ಬ್ಯಾಡಂತ ಗಿರಿಜಾನ ಕಳಿಸ್ಯಾಳ. ಬಿಡೂದಿದ್ರ ಈಗ ಬಿಟ್ಟುಬಿಡ್ರಿ."

ಒಳ್ಳೆಯದೇ ಆಯಿತು, ಮೊದಲೇ ತಿಳಿಯಿತು ಎಂದು ಹಗುರಾದೆ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ತೊಡೆಯ ಮೇಲೆ ಟವೆಲ್ಲಿತ್ತು, ಅದರ ಕೆಳಗೆ ಬಲಗೈ. ನಡುಬೆರಳು, ಕಿರುಬೆರಳು ಒಮ್ಮೆಲೇ ಜೋಮು ಹಿಡಿದವು. ಸಂತೆಯ ಎಣಿಕೆಯಲ್ಲಿ ಎರಡನೆಯದು, ನಾಲ್ಕನೆಯದು. ಮುದುಕಿ ಬೆಲೆ ಕೇಳಿರಲಿಲ್ಲ. ಪ್ರಾಮಾಣಿಕ ಮಾರಾಟಗಾರನಂತೆ ಮೊದಲು ದೋಷ ತೋರಿಸಿ, ಆಮೇಲೆ ಮುಷ್ಟಿ ಒತ್ತಿದ್ದಳು. ನಾನೂ ಒತ್ತಿದ್ದೆ.

ಮಗನಿಗೆ ಎಲ್ಲವನ್ನೂ ಹೇಳಿದೆ. "ನೀ ಆಯಿಗೆ ಮುಷ್ಟಿ ಒತ್ತಿದ್ದು ಆಮ್ಯಾಲಪ್ಪಾ. ನಾ ಗಿರಿಜಾಗ ಮಾತು ಕೊಟ್ಟಿದ್ದು ಮೊದಲು," ಎಂದ. ಮದುವೆ ಮಾಡಿದೆವು.

ಡಾಕ್ಟರಮ್ಮನಿಗೆ ಬೆರಳಿನ ವಿಷಯ ತಿಳಿಸಿದಾಗ ವಹಿಯಲ್ಲಿ ಏನೋ ಬರೆದು, ಹೊಡೆದುಹಾಕಿದರು. "ರಕ್ತ ತೆಗೆದ ದಿನ ನನಗೇ ಗೊತ್ತಿರಲಿಲ್ಲ. ಇದಕ್ಕೆ ನನ್ನ ಹತ್ತಿರ ಪರೀಕ್ಷೆಯಿಲ್ಲ," ಎಂದರು. ಮುದುಕಿಯ ಅಂದಾಜು ತಾಗಿತು ಎನ್ನಬಹುದು ನೀವು. ನಾನೂ ಹಾಗೇ ಅಂದುಕೊಳ್ಳಲು ನೋಡಿದ್ದೇನೆ. ಜೋಮಿಗೆ ಏನು ಹೇಳಲಿ? ನಿಮ್ಮ ಮನೆಯಲ್ಲಿ ಇಂಥ ಜಡ್ಡಿದ್ದರೆ ಮಾತ್ರ ಬೆರಳು ನಂಬಿ ಕೂಡಬೇಡಿ, ರಕ್ತ ಕೊಟ್ಟು ನೋಡಿಸಿ.

ಗಿರಿಜಾಳಿಗೆ ಗಂಡುಮಗುವಾಯಿತು. ದೋಷವಿಲ್ಲವೆಂದು ಪರೀಕ್ಷೆಯ ಕಾಗದ ಬಂದರೂ ನನಗೆ ಧೈರ್ಯವಿರಲಿಲ್ಲ. ಮೊಮ್ಮಗನ ಮೊದಲ ಹಾಲುಹಲ್ಲು ಅಲ್ಲಾಡಿದ ದಿನ ಜೀಪು ಹೇಳಿ ಬಾಗಿಲಲ್ಲಿ ನಿಲ್ಲಿಸಿದ್ದೆ. ಹಲ್ಲು ಬಿತ್ತು. ತುಸು ರಕ್ತ ಬಂತು. ನೋಡನೋಡುತ್ತ ನಿಂತಿತು. ವರ್ಷಗಟ್ಟಲೆ ಆಗೀಗ ಕಾಡುತ್ತಿದ್ದ ಆ ಜೋಮು ಅಂದಿನಿಂದ ಈ ಎರಡು ಬೆರಳಿಗೆ ಮತ್ತೆ ಬಂದಿಲ್ಲ.