ಚಪ್ಪಲಿ ಹಿಡಿದು ಕುಳಿತವರು

ಫುಟ್‌ಬಾಲ್ ನೋಡಲು ನಾನು ಎಷ್ಟೋ ಸಲ ಹೋಗಿದ್ದೇನೆ. ಆದರೆ ಒಂದು ಗೋಲನ್ನೂ ಸರಿಯಾಗಿ ನೋಡಿಲ್ಲ. ನಾನು ನೋಡುತ್ತಿದ್ದುದು ನನ್ನ ಗಂಡನ ಕುತ್ತಿಗೆಯನ್ನು. ಎಡಗಿವಿಯ ಕೆಳಗೆ ಒಂದು ನರ ಇತ್ತು. ಸುಮ್ಮನೆ ಕುಳಿತಾಗಲೂ ಅದು ಮಿಡಿಯುವುದು ಕಾಣುತ್ತಿತ್ತು. ಚೆಂಡು ನಮ್ಮವರ ಗೋಲಿನ ಹತ್ತಿರ ಬಂದರೆ ಹಲ್ಲಿಯ ಗಂಟಲಿನ ಹಾಗೆ ಬಡಿದುಕೊಳ್ಳುತ್ತಿತ್ತು. ಚೆಂಡು ಎಲ್ಲಿದೆ ಎಂದು ತಿಳಿಯಲು ನಾನು ಮೈದಾನದ ಕಡೆ ತಿರುಗಬೇಕಾಗಿರಲಿಲ್ಲ.

ನನ್ನ ತವರು ಕುರುಗೋಡು. ಅಲ್ಲಿಯ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದೆ. ಮದುವೆಯಾಗಿ ಬಳ್ಳಾರಿಯ ಬ್ರೂಸ್‌ಪೇಟೆಗೆ ಬಂದಾಗ ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಿತ್ತು. ನಮ್ಮ ಮನೆಯವರು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬಟ್ಟೆಯ ತಾನುಗಳನ್ನು ಬಿಚ್ಚಿ ತೋರಿಸುವುದು, ಗಿರಾಕಿ ಹೋದ ಮೇಲೆ ಸುತ್ತಿಡುವುದು. ಅಟ್ಟದ ಏಣಿ ಹತ್ತಿದರೆ ಏದುಸಿರು ಬರುತ್ತಿತ್ತು. ಚಿಕ್ಕವರಿದ್ದಾಗ ಬಂದ ಕೀಲುನೋವಿನ ಜ್ವರ ಎದೆಗೆ ಇಳಿದಿದೆ ಎಂದು ಡಾಕ್ಟರು ಹೇಳಿದರು. ಓಡಬಾರದು, ಭಾರ ಎತ್ತಬಾರದು, ಕೂಗಬಾರದು.

“ಫುಟ್‌ಬಾಲ್ ನೋಡಬಹುದೇನ್ರಿ?” ಎಂದು ಇವರು ಕೇಳಿದರು.

“ಕಣ್ಣಿಂದ ನೋಡೂದಾದ್ರ ನೋಡ್ರಿ. ನೀವು ಎದಿಯಿಂದ ನೋಡೋ ಮಂದಿ,” ಎಂದರು ಡಾಕ್ಟರು.

ಹೊರಗೆ ಬಂದ ಕೂಡಲೇ ಇವರು ನನಗೆ, “ಬ್ಯಾಡ ಅನ್ಲಿಲ್ಲ ನೋಡು,” ಎಂದರು.

ಆಗ ದಂಡಿನ ಕಡೆಯ ಬಯಲಿನಲ್ಲಿ ಆಟ ನಡೆಯುತ್ತಿತ್ತು. ಸಿಪಾಯಿಗಳ ತಂಡ ಬೂಟು ಹಾಕಿ ಆಡುತ್ತಿತ್ತು. ನಮ್ಮ ಪೇಟೆಯ ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಬೂಟು ಮೊಣಕಾಲ ಕೆಳಗಿನ ಎಲುಬಿಗೆ ಬಡಿದ ಸದ್ದು ಕುಳಿತವರವರೆಗೂ ಕೇಳುತ್ತಿತ್ತು. ಅಂಥ ಸದ್ದಿಗೆ ಇವರು ಮೈಮರೆತು ಎದ್ದು ನಿಂತು ಕೂಗುತ್ತಿದ್ದರು. ನಮ್ಮ ಅತ್ತೆಗೆ ಅದು ಗೊತ್ತಿತ್ತು. “ನೀನೂ ಜೊತಿಗೆ ಹೋಗವಾ. ಹೆಂಡ್ತಿ ಮುಂದ ಒದರಾಕ ನಾಚಿಕಿ ಬರತೈತಿ,” ಎಂದು ನನ್ನನ್ನು ಕಳಿಸಿದರು.

ಆ ಕಾಲಕ್ಕೆ ಆಟ ನೋಡಲು ಹೆಂಗಸರು ಬರುತ್ತಿರಲಿಲ್ಲ. ಸೆರಗು ಹೊದ್ದು ಇವರ ಪಕ್ಕ ಕುಳಿತೆ. ಹಿಂದಿನಿಂದ ಒಬ್ಬ, “ಏನಪಾ, ರೆಫ್ರೀನ್ನ ಮನಿಯಿಂದನ ಕರ್ಕೊಂಡು ಬಂದೀಯೇನು?” ಎಂದ. ಸುತ್ತಲಿನವರು ನಕ್ಕರು. ಇವರೂ ನಕ್ಕರು. ನಾಚಿಕೆ ಬರಲಿಲ್ಲ. ನಮ್ಮವರು ಗೋಲು ಹೊಡೆದಾಗ ಎದ್ದು ಕುಣಿದರು, ಕೂಗಿದರು, ಮತ್ತೆ ತಟ್ಟನೆ ಕುಳಿತರು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ಆಟ ಮುಗಿದು ಜನವೆಲ್ಲ ಹೋದರೂ ನಾವಿಬ್ಬರು ಬಯಲಲ್ಲೇ ಕುಳಿತಿದ್ದೆವು. ಅವರ ಬೆನ್ನ ಮೇಲೆ ಇಟ್ಟ ಕೈಯನ್ನು, ತೆಗೆದರೆ ಉಸಿರು ನಿಂತೀತೆಂದು ನಾನು ತೆಗೆಯಲಿಲ್ಲ.

ಬ್ಯಾಡ್ರಿ ಎಂದು ಹೇಳಿ ನೋಡಿದೆ, ಅತ್ತೆಯೂ ಹೇಳಿ ನೋಡಿದರು. ಆಟವಿದ್ದ ದಿನ ಮನೆಯಲ್ಲಿ ಕೂಡಿಸಿದರೆ ಊಟ ಮಾಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಬಯಲಿನ ಕಡೆ ಕಿವಿ ಇಟ್ಟು ಕೂರುತ್ತಿದ್ದರು. ಆಗಲೂ ಆ ನರ ಬಡಿದುಕೊಳ್ಳುತ್ತಿತ್ತು.

ಆಡುವ ಹುಡುಗರದ್ದು ಒಂದು ಪದ್ಧತಿ ಇತ್ತು. ಬರಿಗಾಲಲ್ಲಿ ಆಡುವವರು ಚಪ್ಪಲಿಯನ್ನು ಗೆರೆಯ ಆಚೆ ಬಿಟ್ಟರೆ ಅದಲುಬದಲಾಗುತ್ತಿದ್ದವು, ಇಲ್ಲವೇ ಕಳೆಯುತ್ತಿದ್ದವು. ಅದಕ್ಕೆ ಒಬ್ಬೊಬ್ಬನೂ ತನ್ನ ಚಪ್ಪಲಿಯನ್ನು ತನ್ನವರೊಬ್ಬರ ಕೈಗೆ ಕೊಟ್ಟು ಇಳಿಯುತ್ತಿದ್ದ. ಅದರ ಮೇಲೆ ಒಂದು ನಂಬಿಕೆಯೂ ಬೆಳೆದಿತ್ತು. ಚಪ್ಪಲಿ ಹಿಡಿದವನು ಕೊನೆಯ ಸೀಟಿ ಊದುವ ತನಕ ಕುಂಡಿ ನೆಲದಿಂದ ಎತ್ತಬಾರದು. ಎತ್ತಿದರೆ ಆಡುವವನ ಕಾಲು ಜಾರುತ್ತದೆ. ನಮ್ಮ ಓಣಿಯಲ್ಲೇ ಒಬ್ಬ ಆಟಗಾರನಿದ್ದ. ಹತ್ತಿ ಪ್ರೆಸ್ಸಿನಲ್ಲಿ ಕೆಲಸ, ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ಗೋಲಿನ ಮುಂದೆ ಕಾಯುವ ಜಾಗದಲ್ಲಿ ಆಡುತ್ತಿದ್ದ. ಒಂದು ದಿನ ನಳದ ಹತ್ತಿರ ಅವನನ್ನು ತಡೆದು ಕೇಳಿದೆ.

“ಅಣ್ಣಾ, ನಿನ್ನ ಚಪ್ಪಲಿ ಇನ್ನ ಮ್ಯಾಲ ಇವರ ಕಡಿ ಕೊಡತೀಯೇನು?”

“ಅವು ನಮ್ಮ ದೊಡ್ಡಣ್ಣನ ಕಡಿ ಇರತಾವಕ್ಕಾ. ಅವನಿಗೇನ್ ಹೇಳ್ಲಿ?” ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿದ. ನಗು ನಿಲ್ಲಿಸಿದ. “ಕೊಡ್ತೀನಿ ತಗೋ. ನೀ ಕೇಳಿದ್ದು ನಿನ್ನ ಗಂಡಗ ಗೊತ್ತಾಗೂದಿಲ್ಲ.”

ಮುಂದಿನ ಆಟಕ್ಕೆ ಅವನು ಎಲ್ಲರೆದುರಿಗೆ ಬಂದು ಇವರ ಮಡಿಲಲ್ಲಿ ಚಪ್ಪಲಿ ಇಟ್ಟ. ಮಿಲಿಟರಿ ಲಾರಿಯ ಹಳೆ ಟೈರಿನ ಅಟ್ಟೆ, ಒಂದೊಂದೂ ಕಲ್ಲಿನ ತೂಕ. ಇವರ ಮುಖದಲ್ಲಿ ಬಂದ ಗಾಂಭೀರ್ಯ ನಾನು ನಮ್ಮ ಮದುವೆಯಲ್ಲಿಯೂ ನೋಡಿರಲಿಲ್ಲ. ಅಂದಿನಿಂದ ಅವರು ಆಟ ಮುಗಿಯುವವರೆಗೆ ಏಳಲಿಲ್ಲ. ಕೂಗಿದರೆ ಮೈ ತಾನೇ ಏಳುತ್ತದೆ ಎಂದು ಕೂಗುವುದನ್ನೂ ಬಿಟ್ಟರು. ಎರಡೂ ಕೈಯಿಂದ ಚಪ್ಪಲಿಯನ್ನು ಒತ್ತಿ ಹಿಡಿದು ಕೂರುತ್ತಿದ್ದರು. ನನ್ನ ಹೆದರಿಕೆ ಹೋಗಲಿಲ್ಲ. ಆದರೆ ಅದನ್ನು ಇಟ್ಟುಕೊಳ್ಳಲು ಒಂದು ಜಾಗ ಸಿಕ್ಕಿತು.

ಸ್ವಾತಂತ್ರ್ಯ ಬಂದ ಮೇಲೆ, ಒಂದು ಸುಗ್ಗಿಯ ನಂತರ, ಸಿರುಗುಪ್ಪದವರು ನಮ್ಮ ತಂಡವನ್ನು ಆಟಕ್ಕೆ ಕರೆದರು. ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗಲೆಲ್ಲ ಇವರ ಮುಖ ನೋಡುತ್ತಿದ್ದೆ. ಕಾಲುವೆ ಪಕ್ಕದ ಭತ್ತದ ಗದ್ದೆಯನ್ನು ಕೂಳೆ ಕೆತ್ತಿ ಮೈದಾನ ಮಾಡಿದ್ದರು. ಸುತ್ತ ಬಂಡಿಗಳು, ಬಂಡಿಗಳ ಮೇಲೆ ಜನ. ಎತ್ತುಗಳನ್ನು ಮಾತ್ರ ಒಂದು ಗೋಲಿನ ಹಿಂದೆ ಕಟ್ಟಿದ್ದರು, ಹುಲ್ಲಿನ ಬಣವೆ ಅಲ್ಲೇ ಇದ್ದುದರಿಂದ. ಎತ್ತಿನ ಮನೆಯಲ್ಲಿ ಬೆಳೆದವಳು ನಾನು. ನೋಡಿದ ಕೂಡಲೇ ಆ ಕಡೆ ಹೋದೆ. ಅಲ್ಲಿದ್ದ ಒಬ್ಬ ಹಿರಿಯರಿಗೆ ಹೇಳಿದೆ, “ಯಜಮಾನ್ರ, ಎತ್ತು ಅಲ್ಲಿ ಬ್ಯಾಡ್ರಿ. ಮಂದಿ ಒದರಿದ್ರ ಬೆದರತಾವ.”

“ನಮ್ಮ ಎತ್ತು ಹಬ್ಬದಾಗ ಪಟಾಕಿ ಕೇಳಿದವು, ತಂಗೀ,” ಎಂದರು ಅವರು. “ನಿಮ್ಮ ಬಳ್ಳಾರಿ ಮಂದಿಗಿಂತ ಧೈರ್ಯದವು ಅದಾವು.”

ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ಸಿರುಗುಪ್ಪದವರು ಗೋಲು ಹೊಡೆದರು. ಯಾರೋ ಪಟಾಕಿಯ ಸರಕ್ಕೆ ಬೆಂಕಿ ಹಚ್ಚಿದರು. ಮೊದಲು ಎತ್ತುಗಳ ಗಂಟೆ ಸದ್ದು ಒಮ್ಮೆಲೇ ಎದ್ದಿತು. ಆಮೇಲೆ ಒಂದು ಜೋಡಿ ಗೂಟ ಕಿತ್ತುಕೊಂಡು ಮೈದಾನದೊಳಗೆ ನುಗ್ಗಿತು. ಹಗ್ಗದ ತುದಿಯಲ್ಲಿ ಗೂಟ ನೆಲಕ್ಕೆ ಬಡಿಯುತ್ತ, ಹಾರುತ್ತ ಬರುತ್ತಿತ್ತು. ಆಡುವವರು ದಿಕ್ಕಾಪಾಲಾದರು. ಎತ್ತುಗಳು ನಾವು ಕುಳಿತ ಕಡೆಗೇ ತಿರುಗಿದವು. ನಮ್ಮ ಸುತ್ತಲಿದ್ದವರು ಎದ್ದು ಓಡಿದರು.

ಇವರು ಏಳಲಿಲ್ಲ.

“ಏಳ್ರಿ,” ಎಂದೆ. ರಟ್ಟೆ ಹಿಡಿದು ಎಳೆದೆ.

“ಸೀಟಿ ಊದಿಲ್ಲ,” ಎಂದರು.

ಚಪ್ಪಲಿ ಒತ್ತಿ ಹಿಡಿದ ಅವರ ಬೆರಳುಗಳು ಬೆಳ್ಳಗಾಗಿದ್ದವು. ಎಳೆದು ಓಡಿಸಿದರೆ ಎದೆ ನಿಲ್ಲುತ್ತದೆ. ಬಿಟ್ಟರೆ ಎತ್ತು ತುಳಿಯುತ್ತದೆ. ಅವರನ್ನು ಕಾಯಲು ನಾನೇ ಕೊಡಿಸಿದ ಚಪ್ಪಲಿ ಅವರನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ ಕೂಡಿಸಿತ್ತು. ಬೇರೇನೂ ತೋಚದೆ ಅವರ ಮುಂದೆ ನಿಂತೆ. ನನ್ನ ಅಪ್ಪ ಮಾಡುತ್ತಿದ್ದ ಹಾಗೆ ಎರಡೂ ತೋಳು ಅಗಲಿಸಿ ಹೋ ಹೋ ಎನ್ನಲು ನೋಡಿದೆ. ದನಿ ಬರಲಿಲ್ಲ, ಬಾಯಿ ಮಾತ್ರ ತೆರೆಯಿತು. ಎತ್ತಿನ ಬಿಸಿ ವಾಸನೆ ಬಂತು. ಕಣ್ಣು ಮುಚ್ಚಿದೆ.

ಗೂಟ ನನ್ನ ಕಾಲ ಹತ್ತಿರ ಮಣ್ಣು ಹಾರಿಸಿಕೊಂಡು ಹೋಯಿತು. ಕಣ್ಣು ತೆರೆದಾಗ ಎತ್ತುಗಳು ಪಕ್ಕದಿಂದ ಸರಿದು ಕಾಲುವೆಗೆ ಇಳಿದಿದ್ದವು. ಏನೂ ಆಗಿಲ್ಲವೆಂಬ ಹಾಗೆ ನೀರು ಕುಡಿಯುತ್ತಿದ್ದವು.

ಹಿಂದಿನಿಂದ ಇವರು, “ಸ್ವಲ್ಪ ಸರಿಯಲೇ, ಮೈದಾನ ಕಾಣವಲ್ದು,” ಎಂದರು.

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಕೊನೆಗೆ ಸೀಟಿ ಊದಿದ ಮೇಲೆ ಆಟಗಾರ ಬಂದ. “ನಾನ ಓಡಿ ಬಂಡಿ ಹತ್ತಿದ್ದೆ. ನೀ ಇಲ್ಲೇ ಕುಂತಿದ್ದೇನೋ ಮಾರಾಯ?” ಎಂದ.

“ನಿನ್ನ ಕಾಲು ಜಾರ್ತೇನು?” ಎಂದು ಇವರು ಕೇಳಿದರು.

“ಇಲ್ಲ.”

“ಮತ್ತ,” ಎಂದು ಚಪ್ಪಲಿ ಕೊಟ್ಟರು.

ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಕತ್ತಲಾಗುವವರೆಗೂ ಆ ನರವನ್ನು ನೋಡುತ್ತ ಬಂದೆ. ಕತ್ತಲಾದ ಮೇಲೆ ಅದರ ಮೇಲೆ ಬೆರಳಿಟ್ಟುಕೊಂಡು ಬಂದೆ.

ಅವರು ಹೋದದ್ದು ಅದಾದ ಕೆಲವು ವರ್ಷಕ್ಕೆ, ಬೇಸಿಗೆಯ ಒಂದು ಮಧ್ಯಾಹ್ನ. ಆ ದಿನ ಆಟವಿರಲಿಲ್ಲ. ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. “ಚಟ್ನಿಗೇನು?” ಎಂದು ಕೇಳಿದರು. ಹೌದೆಂದೆ. ಮೊರದಲ್ಲಿ ಬೀಜ ಬೀಳುವ ಸದ್ದು ನಿಂತಿತು. ಅಷ್ಟು ವರ್ಷ ನಾನು ಮೈದಾನದಲ್ಲಿ ಕಾದದ್ದು ಮನೆಯೊಳಗೆ ಬಂದಾಗ ನಾನು ಅವರ ಕುತ್ತಿಗೆ ನೋಡುತ್ತಿರಲಿಲ್ಲ. ಒಲೆ ನೋಡುತ್ತಿದ್ದೆ.

ಹೆಗಲು ಕೊಡಲು ಆಟಗಾರನೂ ಬಂದ. ಹೊಸಿಲ ಹತ್ತಿರ ಚಪ್ಪಲಿ ಕಳಚಿದ. ಅಲ್ಲೇ ಬಿಡಲಿಲ್ಲ. ಕೈಯಲ್ಲಿ ಹಿಡಿದು ಒಳಗೆ ಬಂದು, ನನ್ನ ಮುಂದೆ ಇಟ್ಟು, ಹೋಗಿ ಚಟ್ಟದ ಬಿದಿರಿಗೆ ಹೆಗಲು ಕೊಟ್ಟ. ನಾನು ಅವನ್ನು ಮಡಿಲಿಗೆ ಎಳೆದುಕೊಂಡೆ.

ಅವರೆಲ್ಲ ಓಣಿ ದಾಟಿದ ಮೇಲೆ ಹೆಂಗಸರು ಕರೆದರು. “ಏಳವ್ವಾ, ನೀರು ಹಾಕ್ಕೋಬೇಕು.” ಒಬ್ಬಾಕೆ, “ಇಂಥ ಹೊತ್ನ್ಯಾಗ ಚಪ್ಪಲಿ ಮಡ್ಲಾಗ ಇಟ್ಕೊಂತಾರೇನು? ಬುದ್ಧಿ ಎಲ್ಲಿಗೆ ಹೋತು?” ಎಂದು ಗದರಿದಳು. ನಾನು ಏಳಲಿಲ್ಲ. ಎದ್ದರೆ ದಾರಿಯಲ್ಲಿ ಅವನ ಕಾಲು ಜಾರೀತು, ಹೊತ್ತವರು ಮುಗ್ಗರಿಸಿಯಾರು, ಇವರು ಬಿದ್ದಾರು ಎಂಬ ಹೆದರಿಕೆ. ಬೀಳಲು ಇನ್ನೇನು ಉಳಿದಿತ್ತು ಎಂದು ಈಗ ಕೇಳಿಕೊಳ್ಳಬಹುದು. ಆಗ ಆ ಹೆದರಿಕೆಗಿಂತ ನಿಜವಾದದ್ದು ನನಗೆ ಬೇರೇನೂ ಇರಲಿಲ್ಲ.

ಗೋಡೆಗೆ ಒರಗಿದ್ದ ಅತ್ತೆ ಕಣ್ಣು ತೆರೆಯದೆ, “ಬಿಡ್ರಿ ಆಕೀನ. ಹೊತ್ತವರು ತಿರುಗಿ ಬರಲಿ,” ಎಂದರು.

ಬಾಗಿಲಿನಿಂದ ಓಣಿಯ ತಿರುವು ಕಾಣುತ್ತಿತ್ತು. ನೋಡುತ್ತ ಕುಳಿತೆ. ಟೈರಿನ ಅಟ್ಟೆ ತೊಡೆಯ ಮೇಲೆ ಭಾರವಾಗಿತ್ತು. ಬಿಸಿಲು ಎದುರು ಮನೆಯ ಕಟ್ಟೆಯಿಂದ ಇಳಿದ ಮೇಲೆ ಅವರು ಬಂದರು. ಒದ್ದೆ ಬಟ್ಟೆ, ಬರಿಗಾಲು. ಆಟಗಾರ ಹೊಸಿಲ ಆಚೆ ನಿಂತು ಕೈ ಚಾಚಿದ.

“ಕೊಡಕ್ಕಾ. ಮುಗೀತು,” ಎಂದ.

ಕೊಟ್ಟೆ. ಆಮೇಲೆ ಎದ್ದೆ.