ಉಡುತಡಿಯ ಅಜ್ಜಿ ಹಿಡಿದ ಸೌಟು

ಹಂಡೆಯ ಹಾಲೆಲ್ಲ ಗಂಟು ಗಂಟಾಗಿತ್ತು. ಐವತ್ತರ ದಶಕದ ಕೊನೆಯ ಒಂದು ಭಾನುವಾರ, ಶಿಕಾರಿಪುರದ ನಮ್ಮ ಪುಟ್ಟ ಚರ್ಚಿನ ಅಂಗಳ. ಬಡವರಿಗೆ ಹಂಚಲೆಂದು ಅಮೆರಿಕದಿಂದ ಬಂದಿದ್ದ ಹಾಲಿನ ಪುಡಿಯನ್ನು ನಾನು ನೇರವಾಗಿ ಕುದಿಯುವ ನೀರಿಗೆ ಸುರಿದುಬಿಟ್ಟಿದ್ದೆ. ಎದುರಿಗೆ ತಾಯಂದಿರು ಹಸಿದ ಮಕ್ಕಳೊಡನೆ ಸಾಲಾಗಿ ನಿಂತಿದ್ದರು. ಪುಡಿ ಉಳಿದದ್ದು ಒಂದೇ ಡಬ್ಬಿ.

ಸಾಲಿನ ಕೊನೆಯಲ್ಲಿದ್ದ ಉಡುತಡಿಯ ಅಜ್ಜಿಯೊಬ್ಬರು ಚೊಂಬನ್ನು ನೆಲಕ್ಕಿಟ್ಟು ನನ್ನತ್ತ ಬಂದರು. ಕೊರಳಲ್ಲಿ ಲಿಂಗದ ಕರಡಿಗೆಯಿತ್ತು. "ಅಂಬ್ಲಿ ಮಾಡಿಲ್ಲೇನವ್ವಾ ನೀನು? ಹಿಟ್ಟು ಮೊದ್ಲು ತಣ್ಣೀರಾಗ ಕದಡಬೇಕು" ಎನ್ನುತ್ತಲೇ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ನನಗೆ ಸಿಟ್ಟೇ ಬಂತು. ಅಲ್ಲೇ ನಿಂತಿದ್ದ ಫಾದರ್ ಮುಖ ನೋಡಿದರೆ, ಅವರು ನಗುತ್ತ ನನಗೇ ಪಕ್ಕಕ್ಕೆ ಸರಿಯಲು ಸನ್ನೆ ಮಾಡಿದರು.

ಅಜ್ಜಿ ಉಳಿದ ಪುಡಿಯನ್ನು ತಣ್ಣೀರಲ್ಲಿ ಕದಡಿ, ನನ್ನ ಗಂಟುಗಳನ್ನೂ ಒಡೆದು ಕರಗಿಸಿದರು. ತಾವೇ ನಿಂತು ಬಡಿಸಿದರು; ಹಾಲು ಎಲ್ಲರಿಗೂ ಸಾಕಾಯಿತು. ಕೊನೆಗೆ ಅವರಿಗೆಂದು ನಾನು ತುಂಬಿಸಿದ ಲೋಟವನ್ನು ಅವರು ನನ್ನ ಕೈಗೇ ಹಿಡಿಸಿದರು.

"ಬಡಿಸಿದೋರು ಕಡೀಗೆ ಉಣ್ಣಬೇಕು, ನಮ್ಮ ದಾಸೋಹದಾಗ ಹಂಗ. ಇವತ್ತು ಬಡಿಸಿದಾಕಿ ನಾನು. ನೀ ಮೊದ್ಲು ಕುಡಿ."

ದಾನ ಮಾಡುವಾಗ ಬಡವರ ಮಾನ ಕಾಯಬೇಕೆಂದು ಫಾದರ್ ಎಷ್ಟು ಸಲ ಹೇಳಿದ್ದರೂ ನನಗೆ ನಾಟಿರಲಿಲ್ಲ. ಕೊಡಲು ಹೋಗಿದ್ದ ನಾನು ಅಂದು ಜಗಲಿಯ ಮೇಲೆ ಕೂತು ಅಜ್ಜಿ ಕೊಟ್ಟ ಹಾಲು ಕುಡಿದೆ. ಮರುವಾರ ಅವರಿಗಾಗಿ ಮನೆಯಿಂದ ಇನ್ನೊಂದು ಸೌಟು ಒಯ್ದೆ. ನೋಡಿದರೆ, ಅಜ್ಜಿ ತಮ್ಮದೇ ಸೌಟು ಹಿಡಿದು ನನಗಿಂತ ಮೊದಲೇ ಬಂದು ಕೂತಿದ್ದರು.