ವಿಚಾರಿಸಲು ಬಂದವನು

ಮುಂಬಯಿ ಹತ್ತಿರದ ಡೊಂಬಿವಲಿಯ ಆ ಚಾಲಿನ ಸಾಲುಕೋಣೆಗಳಲ್ಲಿ ಜಯಲತಾಳಷ್ಟು ವೇಗವಾಗಿ ಟೈಪ್ ಹೊಡೆಯುವವರು ಇರಲಿಲ್ಲ. ಒಮ್ಮೆ ಹಿಡಿದ ಸಂಶಯವನ್ನು ಅವಳಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವವರೂ ಇರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಠಾಣೆ ಊರಿನ ಒಂದು ಔಷಧ ಕಂಪನಿ ಅವಳನ್ನು ಮೂರು ಸಲ ಕರೆಸಿತು. ಟೈಪಿಂಗ್ ಪರೀಕ್ಷೆ, ಇಂಟರ್‌ವ್ಯೂ, ಕೊನೆಗೆ ಡಾಕ್ಟರರ ತಪಾಸಣೆ. ಒಂದನೇ ತಾರೀಖಿನಿಂದ ಬನ್ನಿ ಎಂದು ಮ್ಯಾನೇಜರರೇ ಹೇಳಿದರು. ಅಪ್ಪ ಇಲ್ಲದ ಮನೆಗೆ ಪರ್ಮನೆಂಟ್ ನೌಕರಿ ಎಂದರೆ ಸಣ್ಣ ಮಾತೇ? ಇಪ್ಪತ್ತೆಂಟನೇ ತಾರೀಖಿಗೆ ಕಾಗದ ಬಂತು: ಆ ಹುದ್ದೆ ಸದ್ಯಕ್ಕಿಲ್ಲ.

ಅವಳು ಲೋಕಲ್ ರೈಲು ಹಿಡಿದು ಹೋಗಿ ಕಂಪನಿಯ ಗೇಟಿನಲ್ಲೇ ನಿಂತಳು. ಅಲ್ಲಿ ಗುಮಾಸ್ತನಾಗಿದ್ದ ಉಡುಪಿ ಕಡೆಯ ಮೋಹನದಾಸ ಆಚೀಚೆ ನೋಡಿ ಗುಟ್ಟು ಬಿಟ್ಟುಕೊಟ್ಟ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವ ಮೊದಲು ಕಂಪನಿ ಮನೆಯ ಕಡೆ ಜನ ಕಳಿಸಿ ವಿಚಾರಿಸುತ್ತದಂತೆ. ಇವಳು ಕೆಲಸದಲ್ಲಿ ಹೆಚ್ಚು ದಿನ ನಿಲ್ಲುವವಳಲ್ಲ ಎಂದು ಚಾಲಿನಲ್ಲಿ ಯಾರೋ ಹೇಳಿದರಂತೆ.

ಯಾರೋ ಏನು ಬಂತು, ಪಕ್ಕದ ಕೋಣೆಯ ಪುಷ್ಪಾವತಿಯೇ ಎಂದು ಜಯಲತಾ ತೀರ್ಮಾನಿಸಿದಳು. ಅವಳ ಮಗಳು ಸ್ವರ್ಣಲತಾ ಸಹ ಇವಳ ಜೊತೆ ಒಂದೇ ಕ್ಲಾಸಿನಲ್ಲಿ ಟೈಪಿಂಗ್ ಕಲಿತವಳು. ಅಂದಿನಿಂದ ಪುಷ್ಪಾವತಿ ನಕ್ಕರೂ ಜಯಲತಾಳಿಗೆ ಅನುಮಾನ, ನಗದಿದ್ದರೂ ಅನುಮಾನ. ಅವಳು ಕೊಟ್ಟ ಕೆಸುವಿನೆಲೆಯ ಪತ್ರೊಡೆಯನ್ನು ಅಮ್ಮ ಜಲಜಾಕ್ಷಿಯೂ ಮುಟ್ಟಲಿಲ್ಲ. ತನ್ನ ಪರವಾಗಿ ಅಮ್ಮನಿಗೂ ಸಿಟ್ಟಿದೆ ಎಂದು ಮಗಳಿಗೆ ಸಮಾಧಾನ. ಉಲ್ಹಾಸನಗರದ ಅಂಗಡಿಯೊಂದರಲ್ಲಿ ಸಿಕ್ಕ ಸಣ್ಣ ಕೆಲಸದಲ್ಲೇ ಎರಡು ವರ್ಷ ಕಳೆಯಿತು.

ಆಮೇಲೆ ಸ್ವರ್ಣಲತಾಳ ಮದುವೆ ನಿಶ್ಚಯವಾಯಿತು. ಪುಷ್ಪಾವತಿ ಕರೆದು ಹೋದ ಮೇಲೆ ಅಮ್ಮ ಕರೆಯೋಲೆಯನ್ನು ಬದಿಗೆ ತಳ್ಳಿದಳು.

“ನಿನ್ನ ಸಂಬಂಧ ತಪ್ಪಿಸಿದವಳ ಮನೆ ಮದುವೆಗೆ ನಾನು ಬರುದಿಲ್ಲ.”

ಯಾವ ಸಂಬಂಧ ಎಂದು ಜಯಲತಾ ಕೇಳಿದಳು. ಸಂಬಂಧ ಗಟ್ಟಿಯಾದ ಮೇಲೆ ಹೇಳುವ ಎಂದು ಅಮ್ಮ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಠಾಣೆ ಊರಿನಿಂದ ಕಪ್ಪು ಚೀಲದ ಗಂಡಸೊಬ್ಬ ಹುಡುಗಿಯ ಬಗ್ಗೆ ವಿಚಾರಿಸಲು ಬಂದಿದ್ದ. ಸ್ವಭಾವ ಹೇಗೆ, ಮನೆಯಲ್ಲಿ ಯಾರಿದ್ದಾರೆ, ಮದುವೆ ಎಲ್ಲಾದರೂ ಗೊತ್ತಾಗಿದೆಯಾ ಎಂದೆಲ್ಲ ಕೇಳಿದ. ಗಂಡಿನ ಕಡೆಯವರಲ್ಲದೆ ಇನ್ಯಾರು ಇದನ್ನು ಕೇಳುತ್ತಾರೆ? ಅಮ್ಮ ಕಾಫಿ, ಸಜ್ಜಿಗೆ ಕೊಟ್ಟು ಉಪಚರಿಸಿದ್ದಳು.

“ಮದುವೆ ಆದ್ಮೇಲೆ ಕೆಲಸಕ್ಕೆ ಹೋಗ್ತಾಳಾ ಅಂತ ಕೇಳಿದ್ರು ಮಗಾ. ಒಂದು ದಿನ ಸಹ ಹೊಸ್ತಿಲು ದಾಟುದಿಲ್ಲ ಅಂದೆ. ಖುಷಿಯಲ್ಲೇ ಹೋದ್ರು. ಮೆಟ್ಟಿಲು ಇಳಿಯುವಾಗ ಪುಷ್ಪಾವತಿ ಹತ್ರ ಎಂತದೋ ಮಾತಾಡಿದ್ರು. ಮತ್ತೆ ಬರ್ಲೇ ಇಲ್ಲ.”

ಜಯಲತಾಳಿಗೆ ಗೇಟಿನಲ್ಲಿ ಮೋಹನದಾಸ ಹೇಳಿದ್ದು ನೆನಪಾಯಿತು. ಸಿಟ್ಟು ನೆತ್ತಿಗೇರಿತು, ಕಂಪನಿಯ ಹೆಸರು ನಾಲಗೆಯ ತುದಿಗೆ ಬಂತು. ಎದುರಿಗೆ, ಬಾರದ ಗಂಡಿಗಾಗಿ ಎರಡು ವರ್ಷ ಕಾದು ಸೋತ ಅಮ್ಮನ ಮುಖ.

“ಹೋಗ್ಲಿ ಬಿಡಮ್ಮ,” ಎಂದಳು. “ಅಂಥ ಗಂಡು ನಂಗೂ ಬೇಡ ಇತ್ತು.”

ಮದುವೆಗೆ ಅವಳು ಒಬ್ಬಳೇ ಹೊರಟಳು. ಇವಳಿಗೂ ಆ ಪುಷ್ಪಾವತಿ ಏನು ಮಾಟ ಮಾಡಿಸಿದಳೋ ಎಂದು ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.